ಪಕ್ಕಪಕ್ಕ ಓಡಿಸಲು ಒಂದು ಕಿಲೋಮೀಟರ್ ಡಾಂಬರು ಕೊಡಿ

ಹುಬ್ಬಳ್ಳಿ-ಧಾರವಾಡದ ಬಂಧುಗಳೇ,

ಊರಲ್ಲೇ ಇದ್ದು ಕಾರು ರೇಸು ಕಲಿಯುತ್ತೇನೆ ಎನ್ನುವ ಹುಡುಗ-ಹುಡುಗಿಯರಿಗೆ ನಮ್ಮ ಅವಳಿ ನಗರ ಇವತ್ತಿಗೂ ಒಂದು ಅಂಗಳ ಕೊಟ್ಟಿಲ್ಲ. ಕೇಳಿದವರಿಗೆ ಉತ್ತರವನ್ನೂ ಕೊಟ್ಟಿಲ್ಲ. ಅಂಗಳ ಇಲ್ಲದ್ದನ್ನು ಹೇಗೋ ಸಹಿಸಿಕೊಂಡಿದ್ದೇವೆ. ಉತ್ತರವೇ ಬಾರದಿರುವುದನ್ನು ಇನ್ನು ಸಹಿಸಲಾಗದು ಎಂದು ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ.

ಇದು ಶ್ರೀಮಂತರ ಮಕ್ಕಳ ತೆವಲು ಎಂದು ಪತ್ರವನ್ನು ಮಡಿಚಿಡುವ ಮೊದಲು ಗೋಕುಲ ರಸ್ತೆಯ ಗ್ಯಾರೇಜುಗಳನ್ನು ಒಮ್ಮೆ ನೆನಪಿಸಿಕೊಳ್ಳಿ. ಎಂಜಿನ್ ಬಿಚ್ಚಿ ಹರವಿಕೊಂಡು ಕೂತ ಹುಡುಗರು, ಲೇತಿನ ಮುಂದೆ ನಿಂತು ಹಗಲೆಲ್ಲ ಕಬ್ಬಿಣ ಕಡೆಯುವವರು, ಹಾರ್ನ್ ಸದ್ದಿನಿಂದಲೇ ಬರುತ್ತಿರುವ ಗಾಡಿ ಯಾವುದೆಂದು ಹೇಳಬಲ್ಲ ಮೇಸ್ತ್ರಿಗಳು. ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ದೇಶಕ್ಕೆಲ್ಲ ಬಸ್ಸು ಕಟ್ಟಿ ಕಳಿಸುವ ಕೈಗಳು ನಮ್ಮವೇ. ಗಾಡಿ ಎಂದರೆ ಜೀವ ಬಿಡುವ ಊರು ಇದು. ಈ ಪತ್ರ ಆ ಹುಡುಗರ ಪರವಾದದ್ದು.

ಅವರು ಕೇಳುತ್ತಿರುವುದೇನು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಕರ್ನಾಟಕಕ್ಕೆ ರ‍್ಯಾಲಿ ಹೊಸದಲ್ಲ. ಚಿಕ್ಕಮಗಳೂರಿನ ಕಾಫಿ ತೋಟದ ಮಣ್ಣುದಾರಿಗಳಲ್ಲಿ ದೇಶದ ಒಳ್ಳೊಳ್ಳೆಯ ರ‍್ಯಾಲಿ ಚಾಲಕರು ಓಡಿದ್ದಾರೆ. ಆದರೆ ರ‍್ಯಾಲಿಯಲ್ಲಿ ಒಂದೊಂದೇ ಕಾರನ್ನು ಬಿಡುತ್ತಾರೆ, ಪೈಪೋಟಿಯೆಲ್ಲ ಗಡಿಯಾರದ ಜೊತೆ. ನಮ್ಮ ಹುಡುಗರ ಆಸೆ ಬೇರೆ. ಹತ್ತು ಹನ್ನೆರಡು ಕಾರುಗಳು ಒಟ್ಟಿಗೆ ಗ್ರಿಡ್‌ನಲ್ಲಿ ನಿಂತು, ದೀಪ ಆರಿದ ಕೂಡಲೇ ಒಟ್ಟಿಗೆ ಹೊರಟು, ತಿರುವಿನಲ್ಲಿ ಚಕ್ರಕ್ಕೆ ಚಕ್ರ ತಾಗುವಷ್ಟು ಸನಿಹದಲ್ಲಿ ಓಡುವ ರೇಸು ಅವರಿಗೆ ಬೇಕು.

ಹೊರಗೆ ನಿಂತು ನೋಡುವವರಿಗೆ ಅದು ಹುಚ್ಚುತನದಂತೆ ಕಂಡೀತು. ಒಳಗೆ ಕೂತವರಿಗೆ ಅಷ್ಟು ಶಿಸ್ತು ಬೇಡುವ ಕೆಲಸ ಇನ್ನೊಂದಿಲ್ಲ. ಎಲ್ಲಿ ಬ್ರೇಕು ಒತ್ತಬೇಕು, ತಿರುವಿನ ಒಳಅಂಚನ್ನು ಎಲ್ಲಿ ಮುಟ್ಟಬೇಕು, ಪಕ್ಕದಲ್ಲಿ ಇನ್ನೊಬ್ಬ ಬಂದಿದ್ದರೆ ಅವನಿಗೆ ಒಂದು ಕಾರಿನಷ್ಟು ಜಾಗ ಹೇಗೆ ಬಿಡಬೇಕು, ಎಲ್ಲವನ್ನೂ ಕಣ್ಣು ಮಿಟುಕಿಸುವಷ್ಟರಲ್ಲಿ ತೀರ್ಮಾನಿಸಬೇಕು. ಹಳದಿ ಬಾವುಟ ಕಂಡರೆ ವೇಗ ತಗ್ಗಿಸಬೇಕು, ಯಾರನ್ನೂ ಹಿಂದಿಕ್ಕುವಂತಿಲ್ಲ. ನೀಲಿ ಬಾವುಟ ಎಂದರೆ ಹಿಂದಿನಿಂದ ನಿನಗಿಂತ ವೇಗದವನು ಬರುತ್ತಿದ್ದಾನೆ ಎಂದು. ಹಳದಿಯ ಮೇಲೆ ಕೆಂಪು ಪಟ್ಟೆಯಿದ್ದರೆ ಮುಂದೆ ಎಣ್ಣೆ ಚೆಲ್ಲಿದೆ, ಜಾರುತ್ತದೆ. ಕೆಂಪು ಬಾವುಟ ಬಂದರೆ ಓಟವೇ ನಿಂತಂತೆ. ಬಾವುಟಕ್ಕೆ ತಲೆಬಾಗದವನನ್ನು ಅಲ್ಲಿ ಓಡಿಸಲು ಬಿಡುವುದೇ ಇಲ್ಲ. ನಮ್ಮ ಹೊಸೂರು ಸರ್ಕಲ್ಲಿನಲ್ಲಿ ಕೆಂಪು ದೀಪಕ್ಕೆ ಎಷ್ಟು ಜನ ನಿಲ್ಲುತ್ತಾರೆಂದು ನಿಮಗೆ ಗೊತ್ತೇ ಇದೆ. ಈ ಶಿಸ್ತನ್ನು ಕಲಿಸುವ ಜಾಗ ಊರಿಗೆ ಬೇಡವೇ?

ಕಲಿಸುವ ಜಾಗ ಇರುವುದೆಲ್ಲಿ? ದೇಶದ ಕಾರು ರೇಸಿನ ಚಾಂಪಿಯನ್‌ಷಿಪ್‌ಗಳು ಬಹುಕಾಲದಿಂದ ನಡೆಯುತ್ತ ಬಂದಿರುವುದು ತಮಿಳುನಾಡಿನ ಎರಡು ಟ್ರ್ಯಾಕ್‌ಗಳಲ್ಲಿ. ಒಂದು ಚೆನ್ನೈಗೆ ಸ್ವಲ್ಪ ಮೊದಲು ಸಿಗುವ ಇರುಂಗಾಟ್ಟುಕೋಟ್ಟೈಯಲ್ಲಿದೆ. 1990ರಲ್ಲಿ ಶುರುವಾದದ್ದು, ಒಂದು ಸುತ್ತು 3.7 ಕಿಲೋಮೀಟರ್. ಇನ್ನೊಂದು ಕೊಯಮತ್ತೂರಿನ ಹೊರಗೆ ಚೆಟ್ಟಿಪಾಳ್ಯಂನಲ್ಲಿರುವ ಕರಿ ಮೋಟಾರ್ ಸ್ಪೀಡ್‌ವೇ, 2003ರದ್ದು, ಸುಮಾರು 2.1 ಕಿಲೋಮೀಟರ್. ಎರಡೂ ಇಲ್ಲಿಂದ 700 ಕಿಲೋಮೀಟರಿನ ಆಸುಪಾಸು. ಫಾರ್ಮುಲಾ ವನ್ ಕಾರುಗಳು 2011ರಿಂದ 2013ರವರೆಗೆ ಓಡಿದ ಬುದ್ಧ ಸರ್ಕ್ಯೂಟ್ ಇರುವುದು ದಿಲ್ಲಿಯ ಪಕ್ಕದ ಗ್ರೇಟರ್ ನೋಯಿಡಾದಲ್ಲಿ. ಕರ್ನಾಟಕದಲ್ಲಿ ಇಂಥ ಸರ್ಕ್ಯೂಟ್ ಒಂದೂ ಇಲ್ಲ. ಬೆಂಗಳೂರಿನ ಮಕ್ಕಳಿಗಾದರೂ ಕಾರ್ಟಿಂಗ್ ಟ್ರ್ಯಾಕ್ ಇದೆ. ನಮ್ಮ ಮಕ್ಕಳು ಅದಕ್ಕೂ 400 ಕಿಲೋಮೀಟರ್ ಹೋಗಬೇಕು.

ಕಾರ್ಟಿಂಗ್ ಎಂದರೆ ಮಾಲ್ ಅಂಗಳದಲ್ಲಿ ರಬ್ಬರ್ ಬಂಪರ್ ಕಟ್ಟಿಕೊಂಡು ಮಕ್ಕಳು ಸುತ್ತು ಹೊಡೆಯುವ ಆಟವಲ್ಲ. ರೇಸಿನ ಅಕ್ಷರಾಭ್ಯಾಸ ಆಗುವುದೇ ಅಲ್ಲಿ. ಇವತ್ತಿನ ದೊಡ್ಡ ದೊಡ್ಡ ಚಾಲಕರಲ್ಲಿ ಬಹುತೇಕರು ಚಿಕ್ಕ ವಯಸ್ಸಿನಲ್ಲೇ ಕಾರ್ಟಿನಲ್ಲಿ ಕೂತವರು. ಅಲ್ಲಿಂದ ಮುಂದೆ ರೇಸಿಂಗ್ ಶಾಲೆ. ಟ್ರ್ಯಾಕಿನ ಮೇಲೆ ಒಂದೆರಡು ದಿನ ಪಾಠ, ಪಕ್ಕದಲ್ಲಿ ತಿಳಿದವರನ್ನು ಕೂರಿಸಿಕೊಂಡು ಸುತ್ತು ಹೊಡೆಯುವುದು, ಬಾವುಟಗಳ ಪರೀಕ್ಷೆ. ಆಮೇಲೆ ವೈದ್ಯರ ಸರ್ಟಿಫಿಕೇಟು, ರಕ್ತದ ಗುಂಪು, ಹದಿನೆಂಟು ತುಂಬದಿದ್ದರೆ ತಂದೆತಾಯಿಯ ಒಪ್ಪಿಗೆ ಪತ್ರ, ಎಲ್ಲ ಕೊಟ್ಟ ಮೇಲೆ ಸ್ಪರ್ಧಾ ಲೈಸೆನ್ಸ್. ಅದಾದ ಮೇಲೆ ಹೊಸಬರ ವರ್ಗದಲ್ಲಿ ಹೆಸರು ಕೊಟ್ಟು ಬಾಡಿಗೆ ಕಾರಿನಲ್ಲಿ ಮೊದಲ ರೇಸು.

ಈ ದಾರಿ ಓದುವುದಕ್ಕೆ ಸಲೀಸು. ಹುಬ್ಬಳ್ಳಿಯಲ್ಲಿ ಕೂತು ನಡೆಯಲು ಹೋದವರಿಗೆ ಗೊತ್ತು ಅದರ ಕಷ್ಟ. ಪ್ರತಿ ಮೆಟ್ಟಿಲಿಗೂ ಒಂದು ರಾತ್ರಿ ಪ್ರಯಾಣ, ಒಂದು ಲಾಡ್ಜು, ಎರಡು ದಿನದ ಕೂಲಿ ಖೋತಾ. ಪಾಠಕ್ಕೊಮ್ಮೆ ಹೋಗಬೇಕು, ಅಭ್ಯಾಸಕ್ಕೊಮ್ಮೆ ಹೋಗಬೇಕು, ರೇಸಿಗೆ ಮತ್ತೊಮ್ಮೆ. ಚೆನ್ನೈನ ಹುಡುಗ ಭಾನುವಾರ ಬೆಳಿಗ್ಗೆ ಮನೆಯಲ್ಲಿ ಇಡ್ಲಿ ತಿಂದು ಹೊರಟು ಹತ್ತು ಲ್ಯಾಪ್ ಓಡಿಸಿ ಸಂಜೆ ಮನೆ ಸೇರುತ್ತಾನೆ. ಅದೇ ಹತ್ತು ಲ್ಯಾಪಿಗೆ ನಮ್ಮ ಹುಡುಗ ಶುಕ್ರವಾರ ರಾತ್ರಿಯೇ ಊರು ಬಿಟ್ಟು, ಮಾಲೀಕರ ಬೈಗುಳ ತಿಂದು, ಸೋಮವಾರ ನಿದ್ದೆಗಣ್ಣಿನಲ್ಲಿ ಗ್ಯಾರೇಜಿಗೆ ಬರುತ್ತಾನೆ. ಪ್ರತಿಭೆ ಇಬ್ಬರಲ್ಲೂ ಸಮವಾಗಿದ್ದರೂ ಲ್ಯಾಪುಗಳ ಲೆಕ್ಕದಲ್ಲಿ ನಮ್ಮವನು ಹಿಂದೆ ಬೀಳುತ್ತಾನೆ. ಇದನ್ನು ಅನ್ಯಾಯ ಎನ್ನದೆ ಏನೆನ್ನಬೇಕು?

ಇನ್ನು ಸ್ವಂತ ಕಾರು ಕಟ್ಟಿಕೊಂಡು ಓಡಿಸುತ್ತೇನೆ ಎನ್ನುವವನ ಪಾಡು ಕೇಳಿ. ನಮ್ಮೂರ ವೆಲ್ಡರುಗಳು ಮನಸ್ಸು ಮಾಡಿದರೆ ನಿಯಮದ ಅಳತೆಗೆ ಸರಿಯಾಗಿ ರೋಲ್ ಕೇಜ್ ಕಟ್ಟಬಲ್ಲರು. ಕಾರು ಪಲ್ಟಿಯಾದರೂ ಒಳಗಿನವನ ತಲೆ ಉಳಿಸುವ ಕಬ್ಬಿಣದ ಪಂಜರ ಅದು. ಹಳೆಯ ಎಸ್ಟೀಮ್ ಒಂದನ್ನು ಹುಡುಕಿ ತಂದು, ಹಿಂದಿನ ಸೀಟು ಕಿತ್ತು, ಬಕೆಟ್ ಸೀಟು ಕೂರಿಸಿ, ಆರು ಕಡೆ ಬಿಗಿಯುವ ಬೆಲ್ಟು ಹಾಕಿ, ಬೆಂಕಿ ಆರಿಸುವ ಸಿಲಿಂಡರ್ ಕಟ್ಟಿ, ಹೊರಗಿನಿಂದಲೇ ಎಂಜಿನ್ ಬಂದ್ ಮಾಡುವ ಸ್ವಿಚ್ಚು ಇಟ್ಟು ತಯಾರು ಮಾಡಬಹುದು. ಎಲ್ಲ ಮಾಡಿದ ಮೇಲೆ ಅದನ್ನು ಓಡಿಸಿ ನೋಡುವುದೆಲ್ಲಿ? ಹಾಗೆ ಬದಲಾಯಿಸಿದ ಗಾಡಿಯನ್ನು ರಸ್ತೆಗೆ ಇಳಿಸುವಂತಿಲ್ಲ, ಮೋಟಾರು ವಾಹನ ಕಾಯ್ದೆ ಒಪ್ಪುವುದಿಲ್ಲ, ಒಪ್ಪಲೂಬಾರದು. ಲಾರಿಯ ಮೇಲೆ ಹೇರಿ ಮತ್ತೆ ಆ 700 ಕಿಲೋಮೀಟರ್ ಸಾಗಿಸಬೇಕು. ಕಾರಿಗೆ ಬಿದ್ದ ಖರ್ಚಿಗಿಂತ ಕಾರು ಹೊತ್ತ ಲಾರಿಯ ಬಾಡಿಗೆಯೇ ಅವನನ್ನು ಹೈರಾಣ ಮಾಡುತ್ತದೆ.

ಮೈಮೇಲೆ ತೊಡುವುದರದ್ದೂ ಇದೇ ಕಥೆ. ಬೆಂಕಿ ತಾಳುವ ಉಡುಪು, ಕೈಗವಸು, ಬೂಟು, ಮುಖಗವಸು, ಕಾರು ರೇಸಿಗೆಂದೇ ಪರೀಕ್ಷೆಯಾದ ಹೆಲ್ಮೆಟ್. ಅದರ ಜೊತೆಗೆ ಹ್ಯಾನ್ಸ್ ಎನ್ನುವ ಕೊರಳಪಟ್ಟಿ. ಹೆಗಲ ಮೇಲೆ ಕೂತು ಹೆಲ್ಮೆಟ್ಟಿಗೆ ಕೊಂಡಿ ಹಾಕಿಕೊಳ್ಳುವ ಸಾಧನ ಅದು. ಕಾರು ಎದುರಿಗೆ ಗುದ್ದಿದಾಗ ಬೆಲ್ಟು ಎದೆಯನ್ನು ಹಿಡಿದಿಡುತ್ತದೆ, ತಲೆ ಮಾತ್ರ ಮುಂದಕ್ಕೆ ಎಸೆದಂತಾಗಿ ಕತ್ತು ಮುರಿಯುತ್ತದೆ. ಹಾಗಾಗದಂತೆ ತಡೆಯುವುದು ಹ್ಯಾನ್ಸ್. ಒಂದೂ ಬಿಡುವಂಥದ್ದಲ್ಲ, ಒಂದೂ ಅಗ್ಗದ್ದಲ್ಲ. ಹತ್ತು ಹುಡುಗರ ಕ್ಲಬ್ಬೊಂದು ಇದ್ದಿದ್ದರೆ ಎರಡು ಮೂರು ಸೆಟ್ಟು ಕೊಂಡು ಸರದಿಯ ಮೇಲೆ ತೊಡಬಹುದಿತ್ತು. ಕ್ಲಬ್ಬು ಕಟ್ಟಿದರೆ ಅದು ಸೇರಲು ಜಾಗ ಬೇಕು. ಜಾಗವೇ ಇಲ್ಲದ ಮೇಲೆ ಕ್ಲಬ್ಬಿಗೆ ಯಾರು ಬಂದಾರು?

ಮನೆಯ ಕಾರನ್ನೇ ಒಯ್ಯೋಣವೆಂದರೆ, ಅದರ ಇನ್ಶೂರೆನ್ಸ್ ಕಾಗದದಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲಿರುತ್ತದೆ, ತೆಗೆದು ನೋಡಿ. ರೇಸು, ವೇಗದ ಪರೀಕ್ಷೆ ಇಂಥವಕ್ಕೆ ಗಾಡಿ ಬಳಸಿದರೆ ಪಾಲಿಸಿ ಅನ್ವಯಿಸುವುದಿಲ್ಲ ಎಂದು ಅಲ್ಲಿ ಬರೆದಿರುತ್ತದೆ. ಎಂದರೆ ಅಪ್ಪನ ಕಾರು ತೆಗೆದುಕೊಂಡು ಕಲಿಯಲು ಹೊರಟವನಿಗೆ ಏನಾದರೂ ಆದರೆ ನಷ್ಟವೆಲ್ಲ ಮನೆಯವರ ತಲೆಗೆ. ಇದನ್ನು ಮೊದಲೇ ಕೂರಿಸಿಕೊಂಡು ಹೇಳಲು ನಮ್ಮೂರಿನಲ್ಲಿ ಹುಡುಗರಿಗೆ ಒಬ್ಬರು ಹಿರಿಯರು, ಒಂದು ಮೇಜು, ಒಂದು ಕುರ್ಚಿ ಕೂಡ ಇಲ್ಲ.

ಈ ಕೊರತೆಯ ಕಷ್ಟವನ್ನು ಯಾರು ಅನುಭವಿಸುತ್ತಿದ್ದಾರೆ ಎಂದು ಅಧಿಕಾರದಲ್ಲಿರುವವರು ಕೇಳಬಹುದು. ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಹುಡುಗರು ಅನುಭವಿಸುತ್ತಿದ್ದಾರೆ. ಬಾಹಾ, ಫಾರ್ಮುಲಾ ಭಾರತ್‌ನಂಥ ವಿದ್ಯಾರ್ಥಿ ಸ್ಪರ್ಧೆಗಳಿಗೆಂದು ವರ್ಷವಿಡೀ ರಾತ್ರಿ ನಿದ್ದೆಗೆಟ್ಟು ಪುಟ್ಟ ರೇಸು ಗಾಡಿ ಕಟ್ಟುವವರಿಗೆ, ಬ್ರೇಕು ಸರಿಯಾಗಿ ಹಿಡಿಯುತ್ತದೋ ಇಲ್ಲವೋ ಎಂದು ಪರೀಕ್ಷಿಸಲು ಕಾಲೇಜಿನ ಪಾರ್ಕಿಂಗ್ ಜಾಗವೇ ಗತಿ. ಗೇಟಿನಿಂದ ಗೋಡೆಯವರೆಗೆ ಓಡಿಸಿ ನಿಲ್ಲಿಸಿ, ಆಯ್ತು ಎಂದುಕೊಂಡು ಹೊರಡುತ್ತಾರೆ. ಸ್ಪರ್ಧೆಗೆ ಹೋದ ಮೇಲೆ ಟ್ರ್ಯಾಕಿನಲ್ಲಿ ಓಡಿಸಿ ಪಳಗಿದ ತಂಡಗಳ ಎದುರು ನಿಲ್ಲಬೇಕು.

ಹೆಣ್ಣುಮಕ್ಕಳು ಇನ್ನೂ ಹೆಚ್ಚು ಅನುಭವಿಸುತ್ತಿದ್ದಾರೆ. ಕಾರು ರೇಸಿನಲ್ಲಿ ಗಂಡು-ಹೆಣ್ಣು ಒಂದೇ ಗ್ರಿಡ್‌ನಲ್ಲಿ ನಿಲ್ಲುವುದು ಸಾಮಾನ್ಯ, ಅಂಥ ಕ್ರೀಡೆಗಳು ತೀರಾ ಕಡಿಮೆ. ಮಗಳಿಗೆ ಆಸೆಯಿದ್ದರೂ 700 ಕಿಲೋಮೀಟರ್ ದೂರಕ್ಕೆ ಒಬ್ಬಳನ್ನೇ ಕಳಿಸಲು ಯಾವ ಮನೆಯವರು ಒಪ್ಪುತ್ತಾರೆ? ಅಪ್ಪನಿಗೆ ರಜೆ ಇರುವುದಿಲ್ಲ, ಅಣ್ಣನಿಗೆ ಮನಸ್ಸಿರುವುದಿಲ್ಲ. ಊರಲ್ಲೇ ಟ್ರ್ಯಾಕಿದ್ದರೆ ಅವಳು ಚಿಗರಿ ಬಸ್ಸು ಹತ್ತಿ ಹೋಗಿ ಬರುತ್ತಿದ್ದಳು. ಆಸೆಯನ್ನು ಬಾಯಿ ಬಿಟ್ಟು ಹೇಳದೆಯೇ ನುಂಗಿಕೊಂಡ ಇಂಥ ಹುಡುಗಿಯರನ್ನು ಯಾವ ಕಚೇರಿಯೂ ಲೆಕ್ಕ ಹಾಕಿಲ್ಲ.

ರೇಸಿನ ಗಂಧವೇ ಇಲ್ಲದವರೂ ಅನುಭವಿಸುತ್ತಿದ್ದಾರೆ, ಅವರ ಮಾತನ್ನೂ ಹೇಳಲೇಬೇಕು. ರಾತ್ರಿ ಹತ್ತರ ಮೇಲೆ ಊರ ಹೊರಗಿನ ರಸ್ತೆಗಳಲ್ಲಿ ಸೈಲೆನ್ಸರ್ ಕಿತ್ತ ಬೈಕು, ಕಾರುಗಳ ಸದ್ದು ಕೇಳಿ ಎದ್ದು ಕೂತ ಮುದುಕರು, ಕಂದಮ್ಮಗಳು, ಪರೀಕ್ಷೆಗೆ ಓದುವ ಮಕ್ಕಳು ಇರುವ ಮನೆಗಳು ನಮ್ಮ ಬಡಾವಣೆಗಳಲ್ಲಿ ಬೇಕಾದಷ್ಟಿವೆ. ರಸ್ತೆಯಲ್ಲಿ ಹಾಗೆ ಹಾರಿಸುವವರ ಪರ ನಾನು ಒಂದಕ್ಷರವೂ ಬರೆಯಲಾರೆ. ಅದು ರೇಸಲ್ಲ, ಪಾಪ. ಎದುರಿಗೆ ಬರುವ ಹಾಲಿನ ಗಾಡಿಯವನಿಗೆ, ಹೊಲದಿಂದ ಮರಳುವ ಟ್ರ್ಯಾಕ್ಟರಿನವನಿಗೆ ರೋಲ್ ಕೇಜ್ ಇರುವುದಿಲ್ಲ, ಹ್ಯಾನ್ಸ್ ಇರುವುದಿಲ್ಲ. ಆದರೆ ನಿಯಮ ಪಾಲಿಸಿ ಓಡಿಸುತ್ತೇನೆ ಎಂದು ಅರ್ಜಿ ಹಿಡಿದು ಬಂದವನನ್ನೂ, ನಿಯಮ ಮುರಿದು ಓಡಿಸುವವನನ್ನೂ ಒಂದೇ ಬಾಗಿಲಿನಿಂದ ಅಟ್ಟಿದರೆ, ನಿಯಮ ಪಾಲಿಸಿ ಬಂದ ಲಾಭವೇನು ಎಂದು ಹುಡುಗರು ಕೇಳುತ್ತಾರೆ. ಆಗ ನನ್ನ ಬಾಯಿ ಕಟ್ಟುತ್ತದೆ.

ಕಾನೂನು ಏನು ಹೇಳುತ್ತದೆ ಎಂಬುದನ್ನೂ ನೋಡೋಣ. 1988ರ ಮೋಟಾರು ವಾಹನ ಕಾಯ್ದೆಯ 189ನೇ ಕಲಮು, ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ಸಾರ್ವಜನಿಕ ಜಾಗದಲ್ಲಿ ರೇಸು ನಡೆಸುವುದನ್ನೂ ಅದರಲ್ಲಿ ಭಾಗವಹಿಸುವುದನ್ನೂ ಅಪರಾಧ ಎನ್ನುತ್ತದೆ. 2019ರ ತಿದ್ದುಪಡಿಯ ನಂತರ ಮೊದಲ ತಪ್ಪಿಗೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮತ್ತೆ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ. ಶಿಕ್ಷೆ ಇರಲಿ, ಬೇಕೇ ಬೇಕು. ಆದರೆ ಅದೇ ಸಾಲಿನಲ್ಲಿ ಲಿಖಿತ ಒಪ್ಪಿಗೆ ಎಂಬ ಮಾತೂ ಇದೆಯಲ್ಲ? ಕಾನೂನೇ ಬಾಗಿಲು ಇಟ್ಟಿದೆ. ಆ ಬಾಗಿಲನ್ನು ಯಾವ ಕಚೇರಿಯಲ್ಲಿ, ಯಾವ ಮೇಜಿನಲ್ಲಿ, ಯಾವ ಅರ್ಜಿ ಕೊಟ್ಟು ತಟ್ಟಬೇಕು ಎಂದು ನಮಗೆ ಹೇಳುವವರಿಲ್ಲ.

ತಟ್ಟಿದವರ ಅನುಭವ ನಿಮಗೂ ಗೊತ್ತಿರುವಂಥದ್ದೇ, ಯಾಕೆಂದರೆ ಬೇರೆ ಬೇರೆ ಕೆಲಸಕ್ಕೆ ನೀವೂ ಅದೇ ಬಾಗಿಲು ತಟ್ಟಿದ್ದೀರಿ. ಜಾಗದ ವಿಷಯ ನಮ್ಮದಲ್ಲ ಎಂದು ಒಬ್ಬರು. ಜಾಗ ನಮ್ಮದೇ, ಆದರೆ ಅನುಮತಿ ನಮ್ಮದಲ್ಲ ಎಂದು ಇನ್ನೊಬ್ಬರು. ಅನುಮತಿ ಕೊಡಬಹುದು, ಆಂಬ್ಯುಲೆನ್ಸು, ಅಗ್ನಿಶಾಮಕ, ಬಂದೋಬಸ್ತು ಇವಕ್ಕೆ ಬೇರೆ ಬೇರೆ ಪತ್ರ ತನ್ನಿ ಎಂದು ಮೂರನೆಯವರು. ಆ ಪತ್ರಗಳಿಗೆ ಹೋದರೆ, ಮೊದಲು ಜಾಗದ ಪತ್ರ ತೋರಿಸಿ ಎನ್ನುತ್ತಾರೆ. ಸುತ್ತಿ ಸುತ್ತಿ ಹೊರಟಲ್ಲಿಗೇ ಬಂದು ನಿಲ್ಲುತ್ತೇವೆ. ಕೊನೆಗೆ ಕೇಳಿಸುವ ಮಾತು ಒಂದೇ: "ಅರ್ಜಿ ಕೊಟ್ಟು ಹೋಗ್ರಿ, ನೋಡೂಣು."

ಅವರು ಮುಖಕ್ಕೆ ಬಾಗಿಲು ಹಾಕಿ ಬೈದಿದ್ದರೂ ಇಷ್ಟು ನೋವಾಗುತ್ತಿರಲಿಲ್ಲ. ನೋಡೂಣು ಎಂದ ಮೇಲೆ ಹುಡುಗರು ನಿಜಕ್ಕೂ ಕಾಯುತ್ತಾರೆ. ಒಂದು ಮಳೆಗಾಲ ಕಾಯುತ್ತಾರೆ, ಆ ಸಾಹೇಬರ ವರ್ಗಾವಣೆಯಾಗುತ್ತದೆ, ಹೊಸಬರು ಬಂದ ಮೇಲೆ ಮೊದಲಿನಿಂದ ಶುರು. ಹದಿನೆಂಟರ ಹುಡುಗನಿಗೆ ಇಪ್ಪತ್ತನಾಲ್ಕಾಗುತ್ತದೆ, ಮನೆಯಲ್ಲಿ ಮದುವೆ ಮಾತು ಬರುತ್ತದೆ, ಸಾಲದ ಕಂತು ಶುರುವಾಗುತ್ತದೆ. ಹೆಲ್ಮೆಟ್ಟು ಅಟ್ಟ ಸೇರುತ್ತದೆ. ರೇಸಿಗೆ ವಯಸ್ಸಿದೆ ಎಂಬುದು ಕಡತಕ್ಕೆ ಗೊತ್ತಿಲ್ಲ. ಜಾತಿ ಪ್ರಮಾಣಪತ್ರಕ್ಕೆ, ಆದಾಯದ ಪತ್ರಕ್ಕೆ ಸಕಾಲ ಕಾಯ್ದೆಯಲ್ಲಿ ಇಷ್ಟು ದಿನ ಎಂಬ ಗಡುವಿದೆ. ಆಟದ ಜಾಗ ಕೇಳಿದ ಅರ್ಜಿಗೆ ಯಾವ ಗಡುವೆಂದು ನಮಗೆ ಯಾರೂ ಹೇಳಿಲ್ಲ.

ಕಾಯುವುದು ನಮ್ಮೂರಿಗೆ ಹೊಸದಲ್ಲ. ಅಂಕೋಲಾ ರೈಲಿಗೆ ಕಾದೆವು, ಮಹದಾಯಿ ನೀರಿಗೆ ಕಾದೆವು. ಎರಡು ಲೇನಿನ ಬೈಪಾಸನ್ನು ಅಗಲ ಮಾಡಿ ಎಂದು ವರ್ಷಗಟ್ಟಲೆ ಕೂಗಿದೆವು. 2021ರ ಜನವರಿಯಲ್ಲಿ, ಗೋವಾಕ್ಕೆ ಹೊರಟಿದ್ದ ದಾವಣಗೆರೆಯ ಗೆಳತಿಯರು ಇಟಿಗಟ್ಟಿ ಬಳಿ ಹೆಣವಾದ ಮೇಲೆ ಆ ಕೂಗು ದೂರದವರೆಗೆ ಕೇಳಿಸಿತು. ಆ ತಾಯಂದಿರ ಸಾವಿಗೂ ರೇಸಿಗೂ ಸಂಬಂಧವಿಲ್ಲ, ಅದನ್ನು ಬೆರೆಸುವ ಉದ್ದೇಶವೂ ನನಗಿಲ್ಲ. ಅಧಿಕಾರದಲ್ಲಿರುವವರ ಮೌನ ಮುರಿಯಲು ಜೀವ ಹೋಗುವವರೆಗೆ ಕಾಯಬೇಕಾಗುತ್ತದೆ ಎಂಬ ಹೆದರಿಕೆ ನಮ್ಮೂರಿಗೆ ಅಂಟಿಕೊಂಡದ್ದು ಹೀಗೆ ಎನ್ನುತ್ತಿದ್ದೇನೆ ಅಷ್ಟೇ. ಅದಕ್ಕೇ ಈಗಲೇ, ಯಾರಿಗೂ ಏನೂ ಆಗುವ ಮೊದಲು, ಕೇಳುತ್ತಿದ್ದೇವೆ.

ಕುಡಿಯುವ ನೀರು ಎಷ್ಟೋ ದಿನಕ್ಕೊಮ್ಮೆ ಬರುವ ಊರಿನಲ್ಲಿ ರೇಸು ಟ್ರ್ಯಾಕು ಬೇಕೇ ಎಂದು ಕೆಲವರು ಕೇಳುತ್ತಾರೆ. ಆ ನೀರಿಗೆ ರಾತ್ರಿ ಎದ್ದು ಕೊಡ ತುಂಬುವವರಲ್ಲಿ ಈ ಹುಡುಗರೂ ಇದ್ದಾರೆ, ಅವರ ತಾಯಂದಿರೂ ಇದ್ದಾರೆ. ನೀರು ಕೊಡದಿರುವುದು, ಆಟ ಕೊಡದಿರುವುದಕ್ಕೆ ಸಮಜಾಯಿಷಿಯಾಗುವುದು ಹೇಗೆ? ಟ್ರ್ಯಾಕು ಬೇಡ ಎಂದು ನಾವು ಸುಮ್ಮನಾದ ಇಷ್ಟು ವರ್ಷಗಳಲ್ಲಿ ನಲ್ಲಿಯಲ್ಲಿ ದಿನಾ ನೀರೇನೂ ಬಂದಿಲ್ಲ.

ದುಡ್ಡಿಲ್ಲ, ಜಾಗವಿಲ್ಲ ಎನ್ನುವ ಮಾತೂ ಬರುತ್ತದೆ. ಸಿದ್ಧಾರೂಢ ಸ್ವಾಮಿಗಳ ಹೆಸರಿನ ನಮ್ಮ ರೈಲು ನಿಲ್ದಾಣದಲ್ಲಿ 1507 ಮೀಟರ್ ಉದ್ದದ ಪ್ಲಾಟ್‌ಫಾರಂ ಇದೆ, 2023ರಲ್ಲಿ ಉದ್ಘಾಟನೆಯಾದದ್ದು, ಜಗತ್ತಿನಲ್ಲೇ ಅತಿ ಉದ್ದದ್ದು. ನಮಗೆಲ್ಲ ಅದರ ಬಗ್ಗೆ ಹೆಮ್ಮೆಯಿದೆ, ನೆಂಟರು ಬಂದರೆ ಕರೆದೊಯ್ದು ತೋರಿಸುತ್ತೇವೆ. ಒಳ್ಳೆಯ ಕಾರ್ಟಿಂಗ್ ಟ್ರ್ಯಾಕಿಗೆ ಅಷ್ಟು ಉದ್ದವೂ ಬೇಡ, ಒಂದು ಕಿಲೋಮೀಟರಿನ ಆಸುಪಾಸು ಸಾಕು, ಅದೂ ಸುತ್ತಿ ಸುತ್ತಿ ಹೋಗುವುದರಿಂದ ಕೆಲವೇ ಎಕರೆಯಲ್ಲಿ ಮುಗಿಯುತ್ತದೆ. ಅಷ್ಟು ಉದ್ದದ ಪ್ಲಾಟ್‌ಫಾರಂ ಕಟ್ಟಿಸಿಕೊಂಡ ಊರಿಗೆ ಇಷ್ಟು ಡಾಂಬರು ಹೊಂದಿಸಲಾಗದು ಎಂದರೆ ನಾನು ನಂಬುವುದಿಲ್ಲ.

ಹೊಸದಾಗಿ ಕಟ್ಟಲೇಬೇಕೆಂದೂ ಇಲ್ಲ. ಚೆನ್ನೈಯವರು ಇರುಂಗಾಟ್ಟುಕೋಟ್ಟೈಗೆ ಬರುವ ಮೊದಲು ದಶಕಗಳ ಕಾಲ ರೇಸು ಓಡಿಸಿದ್ದು ಶೋಳಾವರಂನ ಹಳೆಯ ಯುದ್ಧಕಾಲದ ವಿಮಾನಪಟ್ಟಿಯ ಮೇಲೆ. ಇಂಗ್ಲೆಂಡಿನ ಪ್ರಸಿದ್ಧ ಸಿಲ್ವರ್‌ಸ್ಟೋನ್ ಟ್ರ್ಯಾಕು ಕೂಡ ಎರಡನೆಯ ಮಹಾಯುದ್ಧದ ವಿಮಾನಪಟ್ಟಿಯೇ. 1948ರಲ್ಲಿ ಅಲ್ಲಿ ಹುಲ್ಲಿನ ಹೊರೆ, ಎಣ್ಣೆ ಡ್ರಮ್ಮುಗಳನ್ನಿಟ್ಟು ತಿರುವು ಗುರುತಿಸಿ ಓಡಿಸಿದರು. ಇಂಥ ಟ್ರ್ಯಾಕುಗಳು ಹೀಗೆ ಯಾರಿಗೂ ಬೇಡವಾದ ಡಾಂಬರಿನ ಮೇಲೆಯೇ ಹುಟ್ಟಿಕೊಂಡವು. ತಾರಿಹಾಳದಲ್ಲಾಗಲಿ, ಬೇಲೂರಿನಲ್ಲಾಗಲಿ, ಕೈಗಾರಿಕೆಗೆಂದು ರಸ್ತೆ ಹಾಕಿ ಭಾನುವಾರ ಬಿಕೋ ಎನ್ನುವ ಜಾಗ ನಮ್ಮಲ್ಲಿಲ್ಲವೇ? ಬೇಲಿ ಹಾಕಿ, ಎರಡೂ ತುದಿ ಮುಚ್ಚಿ, ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಆರರಿಂದ ಹತ್ತರವರೆಗೆ ಕೊಟ್ಟರೂ ಕಲಿಕೆ ಶುರುವಾದೀತು. ಮೊದಲು ಕೋನ್ ಇಟ್ಟು ಒಬ್ಬೊಬ್ಬರೇ ಓಡಿಸುವ ಅಭ್ಯಾಸ, ಕೈ ಪಳಗಿದ ಮೇಲೆ ಇಬ್ಬಿಬ್ಬರು. ಪಕ್ಕಪಕ್ಕದ ರೇಸು ಆ ಜಾಗದಲ್ಲಿ ಬೇಡ, ಅದಕ್ಕೆ ಸರಿಯಾದ ಟ್ರ್ಯಾಕೇ ಬೇಕು ಎಂದು ತಿಳಿದವರು ಹೇಳಿದರೆ ಅದಕ್ಕೂ ಒಪ್ಪುತ್ತೇವೆ. ಆರಂಭವಾದರೂ ಆಗಲಿ.

ಪಕ್ಕದ ರಾಜ್ಯಗಳು ಏನು ಮಾಡಿವೆ ನೋಡಿ. 2023ರ ಫೆಬ್ರವರಿಯಲ್ಲಿ ಹೈದರಾಬಾದಿನವರು ಹುಸೇನ್ ಸಾಗರದ ದಂಡೆಯ ರಸ್ತೆ ಮುಚ್ಚಿ ವಿದ್ಯುತ್ ಕಾರುಗಳ ಅಂತರರಾಷ್ಟ್ರೀಯ ರೇಸು ಓಡಿಸಿದರು. 2024ರಲ್ಲಿ ಚೆನ್ನೈಯವರು ನಡು ಊರಿನಲ್ಲಿ, ರಾತ್ರಿ ದೀಪ ಹಾಕಿ, ಫಾರ್ಮುಲಾ 4 ಓಡಿಸಿದರು. ಅಷ್ಟು ದೊಡ್ಡದನ್ನು ನಾವು ಕೇಳುತ್ತಿಲ್ಲ, ಅಷ್ಟು ಖರ್ಚು ನಮ್ಮೂರಿಗೆ ಬೇಕಾಗಿಯೂ ಇಲ್ಲ. ಸರ್ಕಾರ ಮನಸ್ಸು ಮಾಡಿದರೆ ಒಪ್ಪಿಗೆ, ಬಂದೋಬಸ್ತು, ಆಂಬ್ಯುಲೆನ್ಸು ಎಲ್ಲ ಒಂದೇ ಕಡೆ ಕೂಡಿಬರುತ್ತವೆ ಎಂಬುದು ಅದರಿಂದ ತಿಳಿಯುತ್ತದೆ.

ನಮ್ಮ ಸರ್ಕಾರವೂ ಮನಸ್ಸು ಮಾಡಿದ್ದುಂಟು. ಕಂಬಳಕ್ಕೆ, ಎತ್ತಿನ ಗಾಡಿ ಓಟಕ್ಕೆ ಕಾನೂನಿನ ತೊಡಕು ಬಂದಾಗ 2017ರಲ್ಲಿ ವಿಧಾನಮಂಡಲ ತಿದ್ದುಪಡಿ ತಂದಿತು, 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ನಮ್ಮ ಕಡೆ ಜಾತ್ರೆಯಲ್ಲಿ ಖಾಲಿ ಗಾಡಾ ಓಟಕ್ಕೆ, ಟ್ರ್ಯಾಕ್ಟರ್ ಟ್ರೇಲರನ್ನು ಹಿಮ್ಮುಖವಾಗಿ ಓಡಿಸುವ ಸ್ಪರ್ಧೆಗೆ ಸಾವಿರಾರು ಜನ ಸೇರುತ್ತಾರೆ. ಟ್ರೇಲರ್ ಕಟ್ಟಿದ ಟ್ರ್ಯಾಕ್ಟರನ್ನು ಹಿಂದಕ್ಕೆ ನೆಟ್ಟಗೆ ಓಡಿಸುವುದು ಎಂಥ ಕೈಚಳಕ ಎಂದು ಓಡಿಸಿ ನೋಡಿದವರಿಗೇ ಗೊತ್ತು. ಗಾಡಿಯ ಮೇಲೆ ಅಷ್ಟು ಹಿಡಿತ ಇರುವ ಹುಡುಗನಿಗೆ ರೇಸು ಕಾರು ಕಲಿಸಲು ಎಷ್ಟು ಹೊತ್ತು ಬೇಕು? ಸವದತ್ತಿ, ಕುಂದಗೋಳ, ನವಲಗುಂದದ ಹೊಲಗಳಲ್ಲಿ ಅಂಥವರು ಇದ್ದಾರೆ. ಅವರ ಊರಿನಿಂದ ನಮ್ಮ ಊರಿಗೆ ಬಸ್ಸಿದೆ. ಬಂದು ಕಲಿಯಲು ಜಾಗವಿಲ್ಲ.

ಹಣದ ಮಾತು ಇನ್ನೊಂದಿದೆ. ರೇಸು ಎಂದರೆ ಕೋಟಿ ಎಂಬ ಭಯ ನಮ್ಮಲ್ಲಿ ಕೂತಿದೆ. ಫಾರ್ಮುಲಾ ಕಾರುಗಳ ಮೇಲಿನ ಮೆಟ್ಟಿಲುಗಳಲ್ಲಿ ಅದು ನಿಜವೂ ಹೌದು. 2025ರಲ್ಲಿ ಬೆಂಗಳೂರಿನ ತರುಣನೊಬ್ಬ ಮೊನಾಕೊದಲ್ಲಿ ಫಾರ್ಮುಲಾ 2 ರೇಸು ಗೆದ್ದಾಗ ನಮಗೆಲ್ಲ ಖುಷಿಯಾಯಿತು, ಆದರೆ ಆ ದಾರಿಯ ಖರ್ಚು ನಮ್ಮ ಲೆಕ್ಕಕ್ಕೆ ಸಿಗುವಂಥದ್ದಲ್ಲ. ಹವ್ಯಾಸಿಗಳ ರೇಸು ಬೇರೆ. ಅಮೆರಿಕದಲ್ಲಿ 2006ರಿಂದ ನಡೆಯುತ್ತಿರುವ ಲೆಮನ್ಸ್ ಎಂಬ ರೇಸಿನಲ್ಲಿ, ಸುರಕ್ಷತೆಯ ಸಾಮಾನು ಬಿಟ್ಟು, ಕಾರಿನ ಬೆಲೆ 500 ಡಾಲರ್ ಮೀರಬಾರದು ಎಂಬುದೇ ನಿಯಮ. ಗುಜರಿಗೆ ಹೋಗಬೇಕಾದ ಕಾರಿಗೆ ಕೇಜ್ ಕಟ್ಟಿ ಗೆಳೆಯರು ಸರದಿಯ ಮೇಲೆ ಓಡಿಸುತ್ತಾರೆ. ಗುಜರಿ ಕಾರಿಗೆ ಜೀವ ತುಂಬುವುದರಲ್ಲಿ ನಮ್ಮ ಮೇಸ್ತ್ರಿಗಳನ್ನು ಮೀರಿಸುವವರು ಯಾರು? ಹಳೆಯ ಕಾರುಗಳ ಅಗ್ಗದ ವರ್ಗವೊಂದನ್ನು ಮಾಡಿ, ಎಂಜಿನ್ ಮುಟ್ಟಬಾರದು, ಟೈರು ಎಲ್ಲರಿಗೂ ಒಂದೇ, ಸುರಕ್ಷತೆಯಲ್ಲಿ ಮಾತ್ರ ಒಂದು ಕಾಸೂ ಉಳಿಸುವಂತಿಲ್ಲ ಎಂದು ನಿಯಮ ಹಾಕಿದರೆ, ಗ್ಯಾರೇಜಿನ ಹುಡುಗನೂ ಗ್ರಿಡ್‌ನಲ್ಲಿ ನಿಲ್ಲಬಲ್ಲ.

ಬಂಧುಗಳೇ, ಈ ಸಂಕಟ ಒಬ್ಬಿಬ್ಬರದಲ್ಲ. ಮಗ ರಾತ್ರಿ ಬೈಪಾಸಿನ ಕಡೆ ಹೋದನೇ ಎಂದು ಫೋನು ಹಿಡಿದು ಕೂತ ತಾಯಿ ನೀವಾಗಿರಬಹುದು. ಹಿಂದೊಮ್ಮೆ ಆಸೆಯಿದ್ದು, ಕೇಳಿ ಕೇಳಿ ಸೋತು, ಈಗ ಮಗನಿಗೂ ಬೇಡ ಎನ್ನುತ್ತಿರುವ ತಂದೆ ನೀವಾಗಿರಬಹುದು. ನಾವು ಬೇರೆ ಬೇರೆಯಾಗಿ ಕೇಳಿದ್ದರಿಂದಲೇ ನಮ್ಮನ್ನು ಬೇರೆ ಬೇರೆಯಾಗಿ ಮರಳಿ ಕಳಿಸಿದರು. ಈ ಸಲ ಒಂದೇ ಅರ್ಜಿಯಲ್ಲಿ ಎಲ್ಲರ ಸಹಿ ಇರಲಿ: ಕಾಲೇಜಿನ ಹುಡುಗರದ್ದು, ಮೇಸ್ತ್ರಿಗಳದ್ದು, ರಾತ್ರಿ ಸದ್ದಿನಿಂದ ಎದ್ದು ಕೂತ ಹಿರಿಯರದ್ದು, ಹೇಳದೆ ಉಳಿದ ಹೆಣ್ಣುಮಕ್ಕಳದ್ದು.

ಮೇಲೆ ಕೂತವರಿಗೆ ನಮ್ಮ ಬೇಡಿಕೆ ಇಷ್ಟು. ರೇಸಿನ ಅನುಮತಿಗೆ ಯಾವ ಮೇಜಿಗೆ ಬರಬೇಕು, ಏನೇನು ಕಾಗದ ತರಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಕಚೇರಿಯ ಗೋಡೆಗೆ ಅಂಟಿಸಿ. ಭಾನುವಾರದ ನಾಲ್ಕು ತಾಸಿಗೆ ಮುಚ್ಚಿ ಕೊಡಬಲ್ಲ ಡಾಂಬರಿನ ಜಾಗ ಯಾವುದಿದೆ ಎಂದು ನಿಮ್ಮವರನ್ನು ಕಳಿಸಿ ಅಳೆಸಿ, ನಾವೂ ಟೇಪು ಹಿಡಿಯಲು ಬರುತ್ತೇವೆ. ವರ್ಷಕ್ಕೊಮ್ಮೆಯಾದರೂ ಲೈಸೆನ್ಸಿನ ಪಾಠ ಮತ್ತು ಪರೀಕ್ಷೆ ನಮ್ಮೂರಿಗೇ ಬರುವಂತೆ ಕ್ರೀಡೆಯ ಉಸ್ತುವಾರಿ ಹೊತ್ತವರಿಗೆ ಒಂದು ಪತ್ರ ಬರೆಯಿರಿ. ಇದು ಆಗದು ಎಂಬುದು ನಿಮ್ಮ ತೀರ್ಮಾನವಾದರೆ, ಆಗದು ಎಂದೇ ಬರೆಯಿರಿ, ಯಾಕೆ ಆಗದು ಎಂದು ಎರಡು ಸಾಲು ಸೇರಿಸಿ, ದಿನಾಂಕ ಹಾಕಿ, ಸಹಿ ಮಾಡಿ ಕಳಿಸಿ. ಈ ತಿಂಗಳ ಕೊನೆಗೆ ಅರ್ಜಿ ಮತ್ತೆ ನಿಮ್ಮ ಕಚೇರಿಗೆ ಬರುತ್ತದೆ, ಸ್ವೀಕೃತಿ ಮುದ್ರೆ ಬೀಳುವವರೆಗೆ ನಾವು ಅಲ್ಲಿಂದ ಕದಲುವುದಿಲ್ಲ.

ಇಂತಿ,
ನಿಮ್ಮೊಡನೆ ಕಾಯುತ್ತಿರುವ ಅವಳಿ ನಗರದ ನಾಗರಿಕ